ಖಾಲಿ ಟ್ಯಾಂಕಿಗೆ ಕರ್ಪೂರ

ಅಂಜಿನಣ್ಣಾ,

ನೀನು ಕಟ್ಟುತ್ತಿರುವ ವಿಮಾನದ ಪೆಟ್ರೋಲ್ ಟ್ಯಾಂಕನ್ನು ಹಿತ್ತಲಲ್ಲಿಟ್ಟು ಬಾಯಿಮಟ್ಟ ನೀರು ತುಂಬಿದ್ದೇನೆ. ಚೆಲ್ಲಬೇಡ. ನೀನು ಖಾಲಿ ಮಾಡಿಟ್ಟಿದ್ದರೂ ಒಳಗೆ ಪೆಟ್ರೋಲಿನ ಆವಿ ಇತ್ತು, ಒಂದು ಕಿಡಿ ಸಾಕಿತ್ತು.

ಇವತ್ತು ಅಮಾವಾಸ್ಯೆ ಅಂತ ಅವ್ವ ಅದಕ್ಕೂ ಕುಂಕುಮ ಹಚ್ಚಿ, ಮುಚ್ಚಳವಿಲ್ಲದ ಬಾಯಿಗೇ ಉರಿಯುವ ಕರ್ಪೂರ ಒಯ್ಯುತ್ತಿದ್ದಳು. ನನ್ನ ಮಾತನ್ನು ಯಾವತ್ತು ಕೇಳಿದ್ದಾಳೆ? ತೀರಿಹೋದ ಅಪ್ಪನ ದನಿ ತೆಗೆದು, ಅವನ ಹಾಗೇ ಅವಳ ಹೆಸರು ಹಿಡಿದು, "ಏ ಹುಲುಗೀ, ಹಿಂದಕ್ಕ ಸರಿ!" ಅಂತ ಗದರಿದೆ. ತಟ್ಟನೆ ಸರಿದಳು. ಇಲ್ಲದಿದ್ದರೆ ನಿನ್ನ ವಿಮಾನಕ್ಕಿಂತ ಮೊದಲು ನಮ್ಮ ಮನೆ ಹಾರುತ್ತಿತ್ತು.

ನಾನು ಕೊಟ್ಟೂರಿನ ಬಸ್ಸಿಗೆ ಹೊರಟೆ. ಅವ್ವ ಎರಡು ಲೋಟ ಚಹಾ ಇಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಾಳೆ. ಕೂಗಿದ್ದು ನಾನು ಅಂತ ಹೇಳಬೇಡ. ಎರಡನೇ ಲೋಟ ನಿನಗಲ್ಲ, ಮುಟ್ಟಬೇಡ.

ಓಬಳ