ಹೊಸ ಹೋಲ್‌ಸ್ಟರ್ ಟೇಬಲ್ ಮೇಲಿದೆ

ಗುರು,

ನಾನು ಕೆಲಸಕ್ಕೆ ಹೊರಟೆ. ಇವತ್ತಿನಿಂದ ನೀನೂ ಮತ್ತೆ ಕ್ಯಾಶ್ ಸಾಗಿಸಲು ಹೋಗುತ್ತೀಯಂತೆ, ಹೋಗು.

ಶರ್ಟಿನೊಳಗೆ ಪಿಸ್ತೂಲು ಇಟ್ಟು ಕಟ್ಟುವ ಆ ಹಳೇ ಹೋಲ್‌ಸ್ಟರ್ ಬಿಸಾಡಿದ್ದೇನೆ. ಕ್ರೇಗಿಬರ್ನ್ ಬಡಾವಣೆಯ ಅಂಗಡಿಯಲ್ಲಿ ಕ್ಯಾಶ್ ತರುವಾಗ ಕಳ್ಳ ಮಚ್ಚು ಬೀಸಿದಾಗ ಪಿಸ್ತೂಲಿನ ಹಿಡಿಕೆ ಅದರೊಳಗೇ ಹೂತುಹೋಗಿ ನಿನ್ನ ಕೈಗೆ ಸಿಗಲಿಲ್ಲ. ಜೊತೆಗಿದ್ದ ಸಂಪತ್‌ನ ಎರಡು ಬೆರಳು ನೆಲಕ್ಕೆ ಬಿದ್ದವು.

ಹೊಸದರಲ್ಲಿ ಹಿಡಿಕೆ ಪೂರ್ತಿ ಅಂಗೈಗೆ ಬರುವಂತೆ ಮೇಲಂಚು ಕತ್ತರಿಸಿದ್ದೇನೆ. ಪಕ್ಕೆಗೆ ಒತ್ತದಂತೆ ಮೆತ್ತನೆ ಚರ್ಮ ಹೊಲಿದಿದ್ದೇನೆ. ನಿಮ್ಮ ಕಂಪನಿ ಡಿಪೋದಲ್ಲಿ ತೋರಿಸಿ ಒಪ್ಪಿಗೆ ಪಡೆಯದೆ ಕಟ್ಟಬೇಡ.

ನಿನ್ನೆ ಆಸ್ಪತ್ರೆಯಲ್ಲಿ ಸಂಪತ್ ಹೇಳಿದ: “ಅಕ್ಕಾ, ಗನ್ ಬರ್ದೇ ಇದ್ದಾಗ ಗುರು ಬರಿಗೈಲೇ ಆ ಕಳ್ಳನ ಕುತ್ತಿಗೆ ಹಿಡ್ಕೊಂಡ. ಇಲ್ಲಾಂದ್ರೆ ನಾನಿರ್ತಿರ್ಲಿಲ್ಲ.”

ನನ್ನ ಹತ್ತಿರ ಮಾತ್ರ “ಹೆದರಿ ನಿಂತುಬಿಟ್ಟೆ” ಅಂದೆಯಲ್ಲ, ಕತ್ತೆ. ಸಂಜೆ ಬಂದು ನಿಜ ಹೇಳು, ಬೈಯುವುದಿಲ್ಲ.

ನೀಲಕ್ಕ