ಜಾವೊ ಬೆಟ್ಟದಲ್ಲಿ ಅಮ್ಮನ ಬೋರ್ಡು

ಅಪ್ಪಾ,

ಜಾವೊ ಬೆಟ್ಟಕ್ಕೆ ಬಂದು ಸೇರಿದೆವು. ಬೆರಳು ಸೆಟೆದುಕೊಂಡು ಅಮ್ಮನಿಗೆ ಬೂಟಿನ ಮೇಲೆ ಸ್ನೋಬೋರ್ಡಿನ ಪಟ್ಟಿ ಬಿಗಿಯಲು ಆಗಲೇ ಇಲ್ಲ. ನಾನು ಬಗ್ಗಿದರೆ, “ಬಿಡೇ, ನಾನೇನು ಕೂಸಾ?” ಎಂದು ಗದರಿದಳು. ಬಾಡಿಗೆ ಅಂಗಡಿಯ ಒನೊದೆರಾ ಅವರು, ತುಳಿದರೆ ಬೂಟನ್ನು ತಾನೇ ಕಚ್ಚಿಕೊಳ್ಳುವ ಬೋರ್ಡು ತಂದಿಟ್ಟರು.

“ಇದು ಸೋಮಾರಿಗಳದ್ದು,” ಎಂದಳು ಅಮ್ಮ.

“ನಾನೂ ಇದನ್ನೇ ಹಾಕ್ಕೊಳ್ಳೋದು, ಒಂದ್ಸಲ ತುಳಿದು ನೋಡಿ ತಾಯೀ,” ಎಂದು ಅವರು ನಕ್ಕರು.

ಬೆಟ್ಟದ ತುದಿಯಲ್ಲಿ ಅಮ್ಮ ತುಳಿದಳು, ಟಕ್ ಎಂದಿತು. ನಾನಿನ್ನೂ ಪಟ್ಟಿ ಬಿಗಿಯುತ್ತಾ ಕೂತಿದ್ದೆ. ಹಿಮ ಮೆತ್ತಿ ರಾಕ್ಷಸರಂತೆ ನಿಂತ ಮರಗಳ ನಡುವೆ, ಐದಾರು ಚಳಿಗಾಲ ಬೋರ್ಡನ್ನೇ ಮುಟ್ಟದವಳು ಬಿಳಿ ಪುಡಿ ಹಾರಿಸುತ್ತಾ ಇಳಿದೇ ಹೋದಳು! ನಾನು ಬಾಯಿ ತೆರೆದುಕೊಂಡು ನೋಡಿದೆ. ಕೆಳಗಿನಿಂದ ಕೂಗು ಬಂತು: “ಏನೇ ಚಿಹಾರು, ಬಿಗಿದು ಮುಗೀತಾ?”

ನೀನು ಚಿಂತೆ ಮಾಡುತ್ತಿದ್ದ ಅವಳ ಮಂಡಿ ಚೆನ್ನಾಗಿದೆ. ಮತ್ತೆ ಮೇಲೆ ಹೋಗೋಣವೆಂದು ತೋಳು ಜಗ್ಗುತ್ತಿದ್ದಾಳೆ, ಅಕ್ಷರ ಸೊಟ್ಟಗಾದರೆ ಅವಳನ್ನೇ ಬಯ್ಯಿ.

ನಿನ್ನ ಚಿಹಾರು