ಸಿಪಾಯಿ ಮಲಗುತ್ತಿದ್ದ ಕಂಬಳಿ

ಮಾನ್ವಿ
೧೪ ಮಾರ್ಚ್ ೧೯೮೨

ಪ್ರೀತಿಯ ಅಯ್ಯಮ್ಮನಿಗೆ ಅತ್ತಿಗೆಯ ಮನಃಪೂರ್ವಕ ಆಶೀರ್ವಾದಗಳು.

ನಾನು ಕ್ಷೇಮ. ದೇವದುರ್ಗದಲ್ಲಿ ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಮಗ ಹನುಮಂತ್ರಾಯನ ಮದುವೆ ನಿಶ್ಚಯವಾದ ಸುದ್ದಿ ತಿಳಿಸಿ ನೀನು ಬರೆದ ಪತ್ರಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಬೇಸರಪಡಬೇಡ. ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಬರೆಯಿರಿ ಎಂದು ಜೀವಮಾನವೆಲ್ಲ ಶಾಲೆಯಲ್ಲಿ ಮಕ್ಕಳನ್ನು ಗದರಿದವಳು ನಾನು. ನೀನು ಕೇಳಿದ್ದು ನಿನ್ನ ಅಣ್ಣನ ಕಂಬಳಿಯನ್ನು. ಮದುಮಕ್ಕಳು ಅದರ ಮೇಲೆಯೇ ಕೂರಬೇಕೆಂಬುದು ನಿನ್ನ ಆಸೆ. ಆದರೆ ಇದಕ್ಕೆ ಉತ್ತರವನ್ನು ನಾಯಿಯ ವಿಷಯದಿಂದಲೇ ಆರಂಭಿಸಬೇಕಾಗಿದೆ.

ಸಿಪಾಯಿಯನ್ನು ನೀನು ಬಲ್ಲೆ. ಕವಿತಾಳದ ಶಾಲೆಯಿಂದ ನಿನ್ನ ಅಣ್ಣ ಬರುತ್ತಿದ್ದ ಸಂಜೆಯ ಬಸ್ಸಿಗೆ ಬಾಗಿಲಲ್ಲಿ ಕಾಯುತ್ತಿದ್ದ ನಾಯಿ. ಅವರು ತೀರಿಕೊಂಡ ಮೇಲೆ ಅದು ಅವರ ಕಂಬಳಿಯ ಮೇಲೆಯೇ ಮಲಗತೊಡಗಿತು. ಈ ಚಳಿಗಾಲ ಕಳೆಯುವ ಹೊತ್ತಿಗೆ ಅದಕ್ಕೆ ವಿಪರೀತ ತುರಿಕೆ. ಬಾಲದ ಬುಡದಲ್ಲಿ ಕೂದಲು ಉದುರಿ, ಕೆರೆದು ಕೆರೆದು ಚರ್ಮ ಕೆಂಪಾಗಿ ನೀರು ಸೋರತೊಡಗಿತು.

ಬೇವಿನ ಎಲೆ ಕುದಿಸಿ, ಆರಿದ ನೀರಿನಲ್ಲಿ ಮೈ ತೊಳೆದೆ. ಹೊಂಗೆ ಎಣ್ಣೆಗೆ ಅರಿಶಿನ ಕಲಸಿ ಹಚ್ಚಿದೆ. ನೆಕ್ಕಬಾರದೆಂದು ಹಳೆಯ ಮೊರದ ನಡುವೆ ತೂತು ಮಾಡಿ ಕೊರಳಿಗೆ ತೊಡಿಸಿದೆ. ಪಕ್ಕದ ಮನೆಯ ಬಡೇಬೀ ಗೋಡೆಯಾಚೆಯಿಂದ ಇಣುಕಿ, “ಅಕ್ಕೋರ, ಎಣ್ಣಿ ಹಚ್ಚಿ ಛಲೋ ತಯಾರು ಮಾಡೀರಿ. ಸಾಲಿಗಿ ಕಳಸ್ತೀರೇನು?” ಎಂದು ನಕ್ಕಳು.

“ಸಾಲಿ ಅಲ್ಲ, ಶಾಲೆ” ಎಂದೆ.

“ಹೌದ್ರೀ, ನಾಯಿಗಿ ಅದನ್ನೂ ಕಲಸ್ರಿ” ಎಂದಳು.

ತೊಳೆದ ದಿನ ಸುಮ್ಮನಿರುತ್ತಿದ್ದ ನಾಯಿ ಮರುದಿನ ಬೆಳಗ್ಗೆ ಮತ್ತೆ ಕೆರೆಯುತ್ತಿತ್ತು. ಒಂದು ದಿನ ಕಂಬಳಿಯ ಮಡಿಕೆ ಬಿಡಿಸಿ ನೋಡಿದರೆ ಚಿಗಟಗಳು ಎಳ್ಳು ಸಿಡಿದಂತೆ ಹಾರಿದವು. ಬಿಸಿಲಿಗೆ ಹರವಿ ಕೋಲಿನಿಂದ ಬಡಿದೆ, ಹೋಗಲಿಲ್ಲ. ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಸಿಪಾಯಿ ಅನ್ನ ಬಿಟ್ಟು ಟ್ರಂಕಿನ ಮುಂದೆ ಬಿದ್ದುಕೊಂಡಿತು. ರಾತ್ರಿಯೆಲ್ಲ ಅದರ ಮುಚ್ಚಳ ಪರಚಿತು. ಸೋತು ಕಂಬಳಿಯನ್ನು ಹೊರತೆಗೆದೆ. ಗಾಯ ಇನ್ನೂ ಆಳವಾಯಿತು.

“ಕಂಬಳಿ ಕುದಸ್ರೀ ಅಕ್ಕೋರ. ಇಲ್ಲಾಂದ್ರ ನಾಯಿ ಉಳಿಯಂಗಿಲ್ಲ” ಎಂದಳು ಬಡೇಬೀ. ಈ ಸಲ ಅವಳು ನಗಲಿಲ್ಲ.

“ನಾವು ಹಾಲುಮತದವರು. ಕಂಬಳಿಯನ್ನು ಕುದಿಸುವುದಿಲ್ಲ” ಎಂದೆ.

“ನಾಯಿನ್ನ ಸಾಯಸ್ತೀರೇನು ಮತ್ತ?”

ನಾನು ಸೊಸೆಯಾಗಿ ಬಂದಾಗ ನಿಮ್ಮವ್ವ ಹೇಳಿದ ಮಾತು ಕಿವಿಯಲ್ಲಿತ್ತು: “ಕಂಬಳಿಗಿ ಬಿಸಿನೀರು ತೋರಸಬ್ಯಾಡ ಯವ್ವಾ, ಕುಗ್ಗಿ ಕೂಸಿನ ಕೌದಿ ಆಗತದ.” ಆ ತಾಯಿ ನೂತು, ಮಾವನವರು ನೇಯ್ದ ಕಂಬಳಿಯದು. ಆದರೂ ಹಂಡೆಯಲ್ಲಿ ನೀರು ಮರಳಿಸಿ ಅದನ್ನು ಮುಳುಗಿಸಿದೆ.

ನಿಮ್ಮವ್ವ ಹೇಳಿದಂತೆಯೇ ಆಯಿತು, ಅಯ್ಯಮ್ಮ. ಇಬ್ಬರು ಕೂರುತ್ತಿದ್ದ ಕಂಬಳಿಯ ಮೇಲೆ ಈಗ ಒಬ್ಬರು ಮುದುಡಿ ಕೂರಬಹುದು, ಅಷ್ಟೆ. ಮದುವೆಗೆ ನಾನೇ ತರುತ್ತೇನೆ. ಕೆಳಗೆ ಹೊಸ ಕಂಬಳಿ ಹಾಸಿ, ಇದನ್ನು ಅದರ ಮೇಲೆ ಮಡಿಸಿಡು. ನೋಡಿದವರು ಏನಾದರೂ ಅಂದರೆ ನನ್ನ ಹೆಸರು ಹೇಳು.

ಸಿಪಾಯಿಗೆ ಪೂರ್ತಿ ಗುಣವಾಗಿದೆ. ಗಾಯ ಒಣಗಿ ಹೊಸ ಕೂದಲು ಬಂದಿದೆ. ಮದುಮಕ್ಕಳು ನೂರು ಕಾಲ ಸುಖವಾಗಿ ಬಾಳಲಿ. ನಿನ್ನ ಮನೆ ತುಂಬಿರಲಿ.

ನಿನ್ನ ಅತ್ತಿಗೆ,
ಬಾಲಮ್ಮ

ತಾ.ಕ.: ನಾಯಿಗೆ ಬೇಕು, ಕಂಬಳಿ ಕೊಡಲಾರೆ ಎಂದು ಹೋದ ವರ್ಷ ನಿನಗೆ ಬರೆದಿದ್ದೆ. ನನಗೂ ಬೇಕಾಗಿತ್ತು. ನಾಯಿ ಹಿತ್ತಿಲಿಗೆ ಹೋದಾಗ ಅದರಲ್ಲಿ ಮುಖವಿಟ್ಟರೆ ಅವರ ಮೈಯ ವಾಸನೆ ಸಿಗುತ್ತಿತ್ತು. ಒಣಗಿದ ಕಂಬಳಿಯನ್ನು ಹಾಸಿಕೊಟ್ಟ ದಿನ ಸಿಪಾಯಿ ಅದನ್ನು ಒಮ್ಮೆ ಮೂಸಿತು. ನನ್ನ ಮುಖ ನೋಡಿ, ಹೋಗಿ ಬರಿ ನೆಲದ ಮೇಲೆ ಮಲಗಿತು. ಅಂದಿನಿಂದ ಸಂಜೆ ಬಾಗಿಲಿಗೂ ಬರುವುದಿಲ್ಲ. ಕವಿತಾಳದ ಬಸ್ಸು ಬಂದ ಸದ್ದಿಗೆ ಈ ಮನೆಯಲ್ಲಿ ತಲೆ ಎತ್ತುವವಳು ಈಗ ನಾನೊಬ್ಬಳೇ.